ಮಳೆಗಾಲದಲ್ಲಿ ನೋಡಿದ ಮನೆ

ಹೊನ್ನಾವರದ ಈ ಮನೆಯನ್ನು ನಾವು ಮೊದಲು ನೋಡಿದ್ದು 2013ರ ಆಷಾಢದಲ್ಲಿ. ಆಷಾಢದಲ್ಲಿ ಮನೆ ನೋಡುವವರು ಕಡಿಮೆ, ದರದಲ್ಲಿ ಜಗ್ಗಾಡಬಹುದು ಎಂಬುದು ನನ್ನ ಲೆಕ್ಕ. ದಲ್ಲಾಳಿಯ ಲೆಕ್ಕ ಬೇರೆಯೇ ಇತ್ತೆಂದು ತಿಳಿಯಲು ನವೆಂಬರ್ ಬರಬೇಕಾಯಿತು.

ಅಂದು ಮಳೆ ಹೊಯ್ಯುತ್ತಿತ್ತು. ಹಂಚಿನ ಮನೆ, ಎದುರಿಗೆ ತಗಡಿನ ಮಾಡು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ ತಗಡಿನಡಿ ಮಾತಾಡುವುದೆಂದರೆ ಚಂಡೆಯ ಪಕ್ಕ ನಿಂತು ಗುಟ್ಟು ಹೇಳಿದ ಹಾಗೆ. “ರೈಲು ಹಳಿ ಹತ್ತಿರವಂತಲ್ಲ?” ಎಂದು ಕಿರುಚಿದೆ. “ಹತ್ತಿರ ಅಂದ್ರೆ ಎಂತ ಮಾರಾಯ್ರೆ, ಈಗಷ್ಟೇ ಒಂದು ಹೋಯ್ತು, ಕೇಳಿತಾ?” ಎಂದು ದಲ್ಲಾಳಿಯೂ ಕಿರುಚಿದ. ನಿಜ, ಕೇಳಿರಲಿಲ್ಲ. ಶ್ರಾವಣದಲ್ಲಿ ಕರಾರು, ಕಾರ್ತಿಕದಲ್ಲಿ ಮನೆ ಒಕ್ಕಲು.

ಪಾಪ, ಆತ ಸುಳ್ಳನ್ನೇನೂ ಹೇಳಿರಲಿಲ್ಲ. ಕೊಂಕಣ ರೈಲ್ವೆಗೆ ಆಗ ಜೂನ್ 10ರಿಂದ ಅಕ್ಟೋಬರ್ ಕೊನೆಯವರೆಗೆ ಮಳೆಗಾಲದ ವೇಳಾಪಟ್ಟಿ. ಗುಡ್ಡ ಜರಿದೀತೆಂಬ ಭಯಕ್ಕೆ ಗಾಡಿಗಳು ಬಸುರಿಯ ಹಾಗೆ ನಿಧಾನಕ್ಕೆ ಹೋಗುತ್ತವೆ. ನವೆಂಬರ್ ಒಂದಕ್ಕೆ ಹೊತ್ತೂ ಬದಲು, ವೇಗವೂ ಬದಲು. ಮೇಲಿಂದ ಮಳೆಯೂ ಇಲ್ಲ. ಮೊದಲ ರಾತ್ರಿ ನಾಗಂದಿಗೆಯ ಮೇಲಿನ ಲೋಟಗಳು ತಮ್ಮಷ್ಟಕ್ಕೆ ಕಿಣಿಕಿಣಿ ಎಂದವು. ಹೆಂಡತಿ ಎದ್ದು ಕುಳಿತು ಬೆಕ್ಕನ್ನು ಬೈದಳು. ನಮ್ಮಲ್ಲಿ ಬೆಕ್ಕಿರಲಿಲ್ಲ.

ಹೋಗುವ ರೈಲನ್ನು ಸಹಿಸಬಹುದು, ಎರಡು ನಿಮಿಷದ ಮಾತು. ನಿಂತ ರೈಲಿನದೇ ಫಜೀತಿ. ನಮ್ಮ ಕಡೆ ಈ ಮಾರ್ಗದಲ್ಲಿ ಇರುವುದು ಒಂದೇ ಹಳಿ, ಒಂದು ಗಾಡಿ ಕ್ರಾಸಿಂಗಿಗೆ ನಿಂತರೇ ಇನ್ನೊಂದಕ್ಕೆ ದಾರಿ. ಸ್ಟೇಶನ್ನಿನಲ್ಲಿ ನಿಂತ ಡೀಸೆಲ್ ಇಂಜಿನ್ನಿನ ಗುರುಗುರು ಕಿಟಕಿ ಗಾಜಿಗೆ ಇಳಿದು, ಮಂಚಕ್ಕೆ ಹತ್ತಿ, ಹಲ್ಲಿಗೆ ಬರುತ್ತಿತ್ತು. ಆಚೆಯಿಂದ ಬರಬೇಕಾದ ಗಾಡಿ ಶರಾವತಿ ಸೇತುವೆ ಹತ್ತಿತೇ ಎಂದು ಮಲಗಿದಲ್ಲೇ ಕಿವಿ ನಿಗುರಿಸುತ್ತಿದ್ದೆ. ಕೊಂಕಣ ರೈಲ್ವೆಯಲ್ಲೇ ಉದ್ದದ್ದು, ಎರಡು ಕಿಲೋಮೀಟರಿಗೂ ಮೇಲಿನ ಸೇತುವೆ ಅದು. ನೀರಿನ ಮೇಲೆ ಬರುವಾಗ ಸದ್ದು ಟೊಳ್ಳಾಗುತ್ತದೆ, ನೆಲ ಮುಟ್ಟಿದೊಡನೆ ಗಟ್ಟಿ. ಸ್ಟೇಶನ್ ಮಾಸ್ತರರಿಗೂ ಅಷ್ಟು ಕಾತರ ಇದ್ದಿರಲಿಕ್ಕಿಲ್ಲ.

ಯಾರನ್ನು ದೂರುವುದು? 1998ರ ಜನವರಿ 26ರಂದು ಈ ಮಾರ್ಗ ಪೂರ್ತಿ ತೆರೆಯುವವರೆಗೆ ಮುಂಬೈ ಬಸ್ಸಿನಲ್ಲಿ ಮೈ ನುಗ್ಗುಮಾಡಿಕೊಂಡವರು ನಾವೇ, ರೈಲು ಬೇಕೆಂದವರೂ ನಾವೇ. ಬೇಕಿದ್ದದ್ದು ಊರಿಗೆ, ನನ್ನ ಕಿಟಕಿಗಲ್ಲ, ಅಷ್ಟೇ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ದಾಟಬಾರದೆಂದು 2000ನೇ ಇಸವಿಯ ನಿಯಮವೇನೋ ಇದೆ. ಅದನ್ನು ನಮ್ಮ ಓಣಿಯ ನಾಯಿಗಳೇ ಪಾಲಿಸುವುದಿಲ್ಲ.

ಹೆದ್ದಾರಿಯ ಬದಿ ಇರುವವರು ಸುಖವಾಗಿದ್ದಾರೆಂದೂ ಅಲ್ಲ. ಕುಮಟೆಯಲ್ಲಿ ಗಿಬ್ ಸರ್ಕಲ್ಲಿನ ಹತ್ತಿರ ಇರುವ ಅತ್ತೆಯ ಪಾಡು ವಾಸಿ, ಕಿವಿ ಮಂದ. ಭಟ್ಕಳದ ಶಂಸುದ್ದೀನ್ ಸರ್ಕಲ್ಲಿನ ಬಳಿಯ ಭಾವನಿಗೆ ರಾತ್ರಿಯಿಡೀ ಲಾರಿಗಳ ಹಾರನ್ನು. “ನಿಮ್ಮಲ್ಲಿ ಲಾರಿ ಕಾಟ ಇಲ್ಲ” ಎಂದು ಕರುಬುತ್ತಾನೆ. ಇಲ್ಲವೇ? 1999ರಲ್ಲಿ ಶುರುವಾದ ರೋ-ರೋ ಗಾಡಿಯಲ್ಲಿ ಲಾರಿಗಳು ಸಾಲಾಗಿ ರೈಲಿನ ಮೇಲೇ ಕೂತು ಹೋಗುತ್ತವೆ. ಅವನ ಮನೆಯೆದುರು ಎಬ್ಬಿಸುವ ಲಾರಿ ನನ್ನ ಹಿತ್ತಿಲಲ್ಲಿ ಟಿಕೆಟು ತೆಗೆದು ಬಂದು ಎಬ್ಬಿಸುತ್ತದೆ.

2022ರಲ್ಲಿ ಮಾರ್ಗಕ್ಕೆಲ್ಲ ಕರೆಂಟು ಬಂತು. ಡೀಸೆಲ್ ಇಂಜಿನ್ನಿನ ಗುರುಗುರು ಕಡಿಮೆಯಾಯಿತು. ಅದರ ಅಡಿಯಲ್ಲಿ ಅಡಗಿದ್ದ ಹಾರನ್ನು ಮಾತ್ರ ಈಗ ಸೊಗಸಾಗಿ ಕೇಳುತ್ತದೆ.

ಮೊನ್ನೆ ಭಾವ ಫೋನು ಮಾಡಿದ್ದ. ನಮ್ಮ ಪಕ್ಕದ ಮನೆ ಮಾರಾಟಕ್ಕಿದೆಯಂತಲ್ಲ, ಈ ರವಿವಾರ ನೋಡಲು ಬರಲೇ ಎಂದು ಕೇಳಿದ. ಫೆಬ್ರವರಿ ತಿಂಗಳು, ಎಲೆ ಅಲುಗಿದರೂ ಕೇಳುವ ಕಾಲ.

“ಈಗ ಸೆಖೆ ಭಾವ,” ಅಂದೆ, “ಜುಲೈಯಲ್ಲಿ ಬಾ.”