ಬೆಟಗೇರಿಯ ಮಗ್ಗ, ಅಜ್ಜನ ಕನ್ನಡಕ

ಮಕ್ಕಳೇ, ಗದಗಿನ ವೀರನಾರಾಯಣ ಗುಡಿ ನೋಡಿದ ಮೇಲೆ ಜೋಡಿ ಊರು ಬೆಟಗೇರಿಗೂ ಹೋಗಿ ಬನ್ನಿ. ಅದು ಕೈಮಗ್ಗದ ಸೀರೆಗಳ ಊರು. ಹರಿದ ಎಳೆಯನ್ನು ಹುಡುಕಿ ಗಂಟು ಹಾಕಲು ವಯಸ್ಸಾದ ನೇಕಾರರಿಗೆ ಕನ್ನಡಕ ಬೇಕೇ ಬೇಕು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಜ್ಜ-ಅಜ್ಜಿಯರೂ ಕಣ್ಣು ತೋರಿಸಲು ಗದಗಿನ ಬಸ್ಸು ಹತ್ತುವುದುಂಟು. ವೈದ್ಯರು ಚೀಟಿ ಕೊಟ್ಟರೆ ಅರ್ಧ ಕೆಲಸವಾಯಿತು. ಉಳಿದರ್ಧ ಕನ್ನಡಕದ ಅಂಗಡಿಯವರದು. ಅವರು ಎರಡು ಕಣ್ಣಪಾಪೆಗಳ ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದು, ಗಾಜಿನ ನಡುಬಿಂದು ಪಾಪೆಯ ಎದುರಿಗೇ ಬರುವಂತೆ ಕೂರಿಸುತ್ತಾರೆ. ಇದು ತಪ್ಪಿದರೆ ನಂಬರು ಸರಿಯಿದ್ದರೂ ತಲೆನೋವು ಬರಬಹುದು. ಜಾತ್ರೆಯಲ್ಲಿ ಸಿಗುವ ಸಿದ್ಧ ಕನ್ನಡಕವನ್ನು ಯಾರ ಕಣ್ಣನ್ನೂ ಅಳೆದು ಮಾಡಿರುವುದಿಲ್ಲ.

ಅಜ್ಜನ ಜೊತೆ ಅಂಗಡಿಗೆ ನೀವೂ ಹೋಗಿ. ಹೊಸ ಕನ್ನಡಕ ಹಾಕಿಸಿ, ಅಲ್ಲೇ ಈ ಪತ್ರಿಕೆಯ ನಾಲ್ಕು ಸಾಲು ಓದಿಸಿ. ಚೀಟಿಯನ್ನು ಜೋಪಾನವಾಗಿ ಮನೆಗೆ ತನ್ನಿ.