ಅವ್ವನ ಕಿಂಡಿ



ಮೊನ್ನೆ ನಾಲತವಾಡದ ನಮ್ಮ ಓಣಿಯೊಳಗ ಒಬ್ಬ ಅಕ್ಕಾರ ಮನಿಯಾಗ ಬಜಿ ಕರಿಯೋ ಎಣ್ಣಿಗೆ ಬೆಂಕಿ ಹತ್ತಿತು. ಗಾಬರಿಯಾಗಿ ಒಂದು ತಂಬಿಗಿ ನೀರು ಸುರುವಿದರು. ಉರಿ ಧಗ್ಗನೆ ತಗಡಿನವರೆಗೂ ಎದ್ದಿತು. ಬಾಜೂ ಮನಿ ಹುಡುಗಿ ಓಡಿಬಂದು ಒಲಿ ಬಂದ್ ಮಾಡಿ, ಹಿಟ್ಟಿನ ಪರಾತ ಬೋರಲು ಮುಚ್ಚಿದಳು, ಅಷ್ಟಕ್ಕೇ ಮುಗೀತು. ಅಕ್ಕಾರ ಕೈ ಸುಟ್ಟಿತ್ತು. ಯಾರೋ ಪೇಸ್ಟ್ ಹಚ್ಚಾಕ ಬಂದ್ರು. ಬ್ಯಾಡ ಅಂತ ಹೇಳಿ, ಇಪ್ಪತ್ತು ನಿಮಿಷ ತಣ್ಣೀರು ಬಿಡುತ್ತಾ ಕೂಡಿಸಿ, ಆಮ್ಯಾಲ ದವಾಖಾನಿಗೆ ಕರಕೊಂಡು ಹೋದ್ವಿ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮವ್ವ ನೆನಪಾದಳು.

ನಾನು ಹುಟ್ಟಿದ್ದು ಬೇರೆ ಹಳ್ಳಿಯಲ್ಲಿ, ಹೆಸರು ಬ್ಯಾಡ. ಕಣಕಿ ಹೊದಿಸಿದ ಗುಡಿಸಲು. ಒಂದು ರಾತ್ರಿ ಬೆಕ್ಕು ಚಿಮಣಿ ಉರುಳಿಸಿತು. ಊರ ಬಾವಿ ನೂರು ಹೆಜ್ಜಿಯೊಳಗ ಇತ್ತು. ಆದರೆ ಅದರ ಹಗ್ಗ ನಾವು ಮುಟ್ಟಂಗಿರಲಿಲ್ಲ. ಹಳ್ಳದಿಂದ ಕೊಡ ಹೊತ್ತು ತರೋದ್ರಾಗ ಎಲ್ಲಾ ಬೂದಿ. ಎರಡು ಚೀಲ ಜೋಳ, ಅಪ್ಪನ ಹೊಲದ ಕಾಗದ, ನನ್ನ ಶಾಲಿ ದಾಖಲಾತಿ. ಜೋಳಕ್ಕಿಂತ ಆ ಕಾಗದಕ್ಕ ಅಪ್ಪ ಹೆಚ್ಚು ವರ್ಷ ಅಲೆದಾಡಿದ.

ಆಮೇಲೆ ಮಣ್ಣಿನ ಗೋಡಿ, ತಗಡಿನ ಮನಿ ಆತು. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ನಮ್ಮವರನ್ನು ಮನೆಯೊಳಗೆ ಕೂಡಿ, ಹೊರಗಿನಿಂದ ಚಿಲಕ ಹಾಕಿ ಬೆಂಕಿ ಇಟ್ಟರು. ಏಳು ಜನ ಸುಟ್ಟು ಸತ್ತರು. ಪೇಪರ್ ಓದಿ ಹೇಳಿದ್ದು ನಾನೇ. ಅವ್ವ ಒಂದೇ ಒಂದು ಕೇಳಿದಳು: "ಹಿಂದ ಬಾಗಲಾ ಇರಲಿಲ್ಲೇನೋ?" ಮರುದಿನ ಹಾರಿ ತಗೊಂಡು ಹಿಂದಿನ ಗೋಡಿ ಒಡೆಸಿದಳು. ಒಬ್ಬರು ನುಸುಳುವಷ್ಟು ಕಿಂಡಿ, ಅದಕ್ಕೊಂದು ಹಲಗಿ. ಅಗಳಿ ಒಳಗ ಮಾತ್ರ. ಅಪ್ಪ ನಕ್ಕಿದ್ದ. ನಾನೂ ನಕ್ಕಿದ್ದೆ.

ಕಂಬಾಲಪಲ್ಲಿ ಕೇಸಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಅದೇ 2014ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ಗುಡಿಸಲಿಗೆ ಬೆಂಕಿ ಬಿತ್ತು. ಅಲ್ಲಿ ಹತ್ತು ವರ್ಷ ಕಳೆದು, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಜಾತಿಯವರು ಬೇಕಂತಲೇ ನಮ್ಮ ಮನೆ ಸುಟ್ಟರೆ ದೌರ್ಜನ್ಯ ತಡೆ ಕಾಯ್ದೆಯ ಕಲಂ 3(2)ರಲ್ಲಿ ಜೀವಾವಧಿ ಐತಿ, ನೆನಪಿರಲಿ. ಅದಕ್ಕೇ ಹೇಳೋದು, ಬೆಂಕಿ ಆರಿದ ಮೇಲೆ ಪಂಚನಾಮೆ ಆಗೋತನಕ ಬೂದಿ ಗುಡಿಸಬ್ಯಾಡ್ರಿ. ಮೊಬೈಲಿನಾಗ ಫೋಟೋ ತಗೀರಿ. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು, ಕೇಳಿ ಇಸ್ಕೊಳ್ರಿ.

ಹೋದ ಭಾನುವಾರ ಹುಡುಗರ ಜೋಡಿ ಓಣಿ ಸುತ್ತಿದೆ. ಒಂದೇ ಬೋರ್ಡಿಗೆ ಟಿವಿ, ಕೂಲರ್, ಮೂರು ಚಾರ್ಜರ್. ಬೋರ್ಡಿಗೆ ಬೆಂಕಿ ಹತ್ತಿದರೆ ಮೊದಲು ಮೇನ್ ಇಳಿಸಬೇಕು, ನೀರು ಸುರುವಬಾರದು ಅಂತ ಗೊತ್ತಿದ್ದವರು ನಾಲ್ಕೇ ಮಂದಿ. ಗ್ಯಾಸ್ ವಾಸನೆ ಬಂದ್ರ ಸ್ವಿಚ್ ಮುಟ್ಟದೆ ಬಾಗಿಲು ತೆರೆದು, ಹೊರಗ ಬಂದು 1906ಕ್ಕೆ ಫೋನ್ ಮಾಡಬೇಕು, ಅದೂ ಬಹಳ ಮಂದಿಗೆ ಹೊಸದು. 112 ನಂಬರು ಎಲ್ಲರಿಗೂ ಗೊತ್ತೈತಿ, ಆದ್ರ ಅಗ್ನಿಶಾಮಕದ ಗಾಡಿ ನಮ್ಮ ಓಣಿಯೊಳಗ ಹಿಡಿಸೂದಿಲ್ಲ. ಹಂಗಾಗಿ ಫೋನ್ ಮಾಡಿದ ಕೂಡಲೇ ಒಬ್ಬ ಹುಡುಗ ದೊಡ್ಡ ರಸ್ತೆಗೆ ಓಡಬೇಕು, ಬಾಯಿಗೆ ನಿಲ್ಲಿಸಿದ ಬೈಕು ಉಳಿದವರು ಸರಿಸಬೇಕು ಅಂತ ಮಾತಾಡಿಕೊಂಡ್ವಿ.

ಆಮೇಲೆ ಬಾಗಿಲು ಎಣಿಸಿದೆ. ಮೂವತ್ತೊಂದು ಮನಿಯೊಳಗ ಇಪ್ಪತ್ತೆರಡಕ್ಕ ಒಂದೇ ಬಾಗಿಲು. ಕಿಟಕಿಗೆಲ್ಲ ಬೆಸುಗೆ ಹಾಕಿದ ಸರಳು. ಕಳ್ಳರ ಭಯಕ್ಕ ಹಾಕಿಸಿದ್ದು, ತಪ್ಪೇನಲ್ಲ. ಆದ್ರ ಒಳಗಿಂದ ತೆಗಿಯೋ ಕೊಂಡಿ ಒಂದಾದರೂ ಕಿಟಕಿಗೆ ಬೇಕಲ್ಲ? ಬೆಸುಗೆ ಕೆಲಸದ ತಮ್ಮ ಒಬ್ಬ ಕೂಲಿ ಬ್ಯಾಡ, ಕಬ್ಬಿಣದ ರೊಕ್ಕ ಅಷ್ಟೇ ಕೊಡ್ರಿ ಅಂದಾನ.

ಬರೋ ಭಾನುವಾರ ಮುಂಜಾನೆ ಏಳಕ್ಕ ಶುರು. ಮೊದಲು ಬಾಣಂತಿ, ಮುದುಕರು ಇರೋ ಐದು ಮನಿ. ಹಾರಿ, ಗರಗಸ ಇದ್ದವರು ತಗೊಂಡು ಬರ್ರಿ.

ಜೈಭೀಮ್.