ಸುಳ್ಳು ಕಾಳಗ, ನಿಜದ ಪೆಟ್ಟು

ವೃತ್ತಿಕುಸ್ತಿಯನ್ನು ಹೊಸದಾಗಿ ನೋಡುವವನಿಗೆ ಮೊದಲು ಬರುವುದು ನಗು. ಬಣ್ಣದ ಉಡುಪು, ಹೂಂಕಾರ, ಎದೆ ತಟ್ಟಿಕೊಳ್ಳುವ ಅಬ್ಬರ. ಇದು ಅಖಾಡವೋ ಬಯಲಾಟದ ರಂಗವೋ ಎಂದು ಅವನಿಗೆ ಸಂಶಯ. ಗೆಲ್ಲುವವನಾರೆಂಬುದು ಮೊದಲೇ ನಿಶ್ಚಯವಾಗಿರುತ್ತದೆಂದು ತಿಳಿದಾಗಲಂತೂ ಮೋಸಹೋದವನಂತೆ ಮುಖ ತಿರುವುತ್ತಾನೆ. ಇದು ಕೇವಲ ಮನರಂಜನೆಯೆಂದು 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ಶಾಸನಸಭೆಯ ಮುಂದೆ ಡಬ್ಲ್ಯು.ಡಬ್ಲ್ಯು.ಎಫ್. ಸಂಸ್ಥೆಯವರೇ ಒಪ್ಪಿಕೊಂಡರು. ಆದರೂ ಜನರು ನೋಡುವುದನ್ನು ಬಿಡಲಿಲ್ಲ. ಏಕೆ?

1998ರ ಜೂನ್ 28ರಂದು ಪಿಟ್ಸ್‌ಬರ್ಗ್ ನಗರದಲ್ಲಿ, ಸುಮಾರು 16 ಅಡಿ ಎತ್ತರದ ಪಂಜರದ ಮೇಲಿನಿಂದ ಅಂಡರ್‌ಟೇಕರನು ಮಿಕ್ ಫೋಲಿಯೆಂಬ ಮಲ್ಲನನ್ನು ಕೆಳಕ್ಕೆಸೆದನು. ಅದು ಇಬ್ಬರೂ ಮೊದಲೇ ಒಪ್ಪಿದ್ದ ಪತನ. ಫೋಲಿ ಮತ್ತೆ ಮೇಲೇರಿದನು. ಈ ಬಾರಿ ಕಾಲಡಿಯ ಚಾವಣಿಯೇ ಕಳಚಿಕೊಂಡಿತು. ಅದು ಯಾರ ಎಣಿಕೆಯಲ್ಲಿಯೂ ಇರಲಿಲ್ಲ. ಅವನಿಗೆ ಎಚ್ಚರ ತಪ್ಪಿತು, ಹಲ್ಲು ಮುರಿಯಿತು. ಆದರೂ ಎದ್ದು, ಆಟವನ್ನು ಪೂರ್ಣಗೊಳಿಸಿ, ತನಗೆಂದು ಗೊತ್ತುಮಾಡಿದ್ದ ಸೋಲನ್ನೇ ಸ್ವೀಕರಿಸಿದನು.

ಹೊಸಬನ ನಗು ನಿಲ್ಲುವುದು ಇಲ್ಲಿ. ಈ ವಿದ್ಯೆಯಲ್ಲಿ ಕಾದುವವನೇ ಕಾಯುವವನು. ಒಬ್ಬನು ತನ್ನ ದೇಹವನ್ನು ನಂಬಿ ಒಪ್ಪಿಸುವುದು ಎದುರಾಳಿಯ ಕೈಗೆ. ಆ ಕೈ ತಪ್ಪಿದರೆ, ಆಧಾರ ಕುಸಿದರೆ, ಮುರಿಯುವ ಮೂಳೆ ನಿಜವಾದ ಮೂಳೆ. ಗೆಲುವು ನಟನೆಯಿರಬಹುದು, ನೆಲಕ್ಕೆ ನಟಿಸಲು ಬಾರದು.